ಗಾಳಿಗೆ ಕಟ್ಟಿದ ಹಡಗು ಬಾಡಿಗೆ

ಜನವರಿ ೧೧, ೧೯೮೬

ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ಅಣ್ಣನ ಅಕ್ಷರದ ಬದಲು ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಅವರಿಗೆ ಈಚೆಗೆ ಫೌಂಡ್ರಿಯ ಕೆಲಸವೇ ಹಾಸಿ ಹೊದೆಯುವಷ್ಟಿದೆ. ಆಫೀಸಿನ ಮೇಜು ನನ್ನ ಪಾಲಿಗೆ ಬಂದಿದೆ. ಮೊದಲ ವಾರ ಕುರ್ಚಿಯ ತುದಿಯಲ್ಲಿ ಕೂತಿದ್ದೆ, ಈಗ ಒರಗಿ ಕೂರುತ್ತೇನೆ.

ವಿಷಯ ಇಷ್ಟು. ಸಮುದ್ರದಾಚೆ ನಿನ್ನ ಕಡೆಯ ದೊಡ್ಡ ಗಿರಾಕಿ ಕಾಗದ ಬರೆದಿದ್ದಾನೆ. ನಮ್ಮ ಹಿಟ್ಟಿನ ಯಂತ್ರದ ಮೇಲೆ ಅವನಿಗೆ ದೂರಿಲ್ಲ. ಅದು ಅವನ ಬಾಗಿಲಿಗೆ ಬಂದು ಇಳಿಯುವ ಹೊತ್ತಿಗೆ ಆಗಿರುವ ಬೆಲೆಯ ಮೇಲೆ ದೂರು. ಬೇರೆ ದೇಶದ ಯಂತ್ರ ಅವನಿಗೆ ಅಗ್ಗವಾಗಿ ಸಿಗುತ್ತಿದೆಯಂತೆ. ಆಗಸ್ಟಿನಲ್ಲಿ ಮುಂದಿನ ವರ್ಷದ ಒಪ್ಪಂದ ಆಗಬೇಕು. ಅಷ್ಟರೊಳಗೆ ಸಾಗಣೆ ಖರ್ಚು ಇಳಿಯದಿದ್ದರೆ ಅವನು ಕೈಬಿಡುತ್ತಾನೆ. ಅವನು ಕೈಬಿಟ್ಟರೆ ನಾವು ಫೌಂಡ್ರಿಯ ಎರಡನೇ ಪಾಳಿ ನಿಲ್ಲಿಸಬೇಕು. ಆ ಪಾಳಿಯಲ್ಲಿ ಯಾರು ಯಾರಿದ್ದಾರೆಂದು ನಿನಗೆ ಗೊತ್ತು. ಅರ್ಧ ಜನ ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು.

ಹಡಗಿನ ಏಜೆಂಟರ ಬಿಲ್ಲುಗಳನ್ನೆಲ್ಲ ತೆಗೆಸಿ ನೋಡಿದೆ. ನಿನ್ನ ಬಂದರಿನ ಏಜೆಂಟರು ಪ್ರತಿ ಸಲವೂ ‘ನಿರ್ವಹಣೆ’ ಎಂದು ಒಂದು ಬಾಬ್ತು ಹಾಕುತ್ತಾರೆ. ಏನನ್ನು ನಿರ್ವಹಿಸುತ್ತಾರೆ? ನೀನು ಅಲ್ಲಿರುವುದೇ ನಿರ್ವಹಣೆಗೆ ಎಂದು ನಾನು ತಿಳಿದಿದ್ದೆ. ವಿಚಾರಿಸಿ ಬರೆ. ಹಾಗೆಯೇ ಬೇರೆ ಇಬ್ಬರು ಏಜೆಂಟರ ದರ ಕೇಳು.

ಇನ್ನೊಂದು. ನಿನ್ನ ಲಕೋಟೆಯ ಹಿಂದೆ ಈಚೆಗೆ ಆ ಏಜೆಂಟರ ಗೋದಾಮಿನ ವಿಳಾಸವೇ ಇರುತ್ತದೆ. ಮನೆ ಬದಲಾಯಿಸಿದೆಯಾ?

ನಿನ್ನ ಅತ್ತಿಗೆ

---

ಫೆಬ್ರವರಿ ೨

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಸಂತೋಷವಾಯಿತು, ಸ್ವಲ್ಪ ಸೋಜಿಗವೂ ಆಯಿತು. ಅಣ್ಣ ಆಫೀಸಿನ ಮೇಜು ಬಿಟ್ಟುಕೊಟ್ಟರು ಎಂಬುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನಮ್ಮ ಏಜೆಂಟರು ಹಳೆಯ ಜನ. ಹಿಂದಿನ ವರ್ಷ ಹಮಾಲರು ಮುಷ್ಕರ ಹೂಡಿದಾಗ ಎಲ್ಲರ ಸರಕೂ ಕಟ್ಟೆಯ ಮೇಲೆ ಕೂತಿತ್ತು, ನಮ್ಮದು ಮಾತ್ರ ಹೊರಗೆ ಬಂತು. ಇಂಥವರನ್ನು ನಾಲ್ಕು ಕಾಸಿಗಾಗಿ ಬಿಟ್ಟರೆ ಆಮೇಲೆ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ. ಬೇರೆಯವರ ದರ ಕೇಳುವುದು ಕಷ್ಟವಲ್ಲ, ಆದರೆ ಈ ಬಂದರು ಚಿಕ್ಕದು. ಕೇಳಿದ್ದು ಸಂಜೆಯೊಳಗೆ ಇವರ ಕಿವಿಗೆ ಬೀಳುತ್ತದೆ.

ಖರ್ಚು ಇಳಿಸಲು ಬೇರೆ ದಾರಿಯಿದೆ. ಕಂಟೇನರಿನ ಬಾಗಿಲು ತೆಗೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಪೆಟ್ಟಿಗೆಗಳು ಒಂದೇ ಸಾಲು. ಅವುಗಳ ಮೇಲೆ ಛಾವಣಿಯವರೆಗೆ ಖಾಲಿ. ಒಬ್ಬ ಮನುಷ್ಯ ಕಾಲು ಚಾಚಿ ಮಲಗಿಕೊಂಡು ಸಮುದ್ರ ದಾಟಬಹುದು. ಆ ಗಾಳಿಗೂ ನಾವು ಬಾಡಿಗೆ ಕಟ್ಟುತ್ತಿದ್ದೇವೆ. ಯಂತ್ರದ ನೆತ್ತಿಯ ಮೇಲೆ ಕಾಳು ಸುರಿಯುವ ಹಾಪರ್ ಇದೆಯಲ್ಲ, ಅದನ್ನು ಬಿಚ್ಚಿ, ಲೋಟದೊಳಗೆ ಲೋಟ ಇಟ್ಟ ಹಾಗೆ ಒಂದರೊಳಗೊಂದು ಸೇರಿಸಿ ಕಳುಹಿಸಿದರೆ ಪೆಟ್ಟಿಗೆ ಗಿಡ್ಡವಾಗುತ್ತದೆ, ಎರಡು ಸಾಲು ಕೂರುತ್ತದೆ. ಇಲ್ಲಿ ಏಜೆಂಟರ ಗೋದಾಮಿನ ಆಳುಗಳು ಬೋಲ್ಟು ಬಿಗಿದು ಕೊಡುತ್ತಾರೆ, ಅದಕ್ಕೆ ಅಲ್ಪಸ್ವಲ್ಪ ಕೊಟ್ಟರಾಯಿತು. ಹಿಂದೊಮ್ಮೆ ಅಣ್ಣನಿಗೆ ಹೇಳಿದ್ದೆ. “ರುಂಡ ಬೇರೆ ಮುಂಡ ಬೇರೆ ಕಳಿಸೋಕೆ ಇದು ಕಟುಕರ ಅಂಗಡಿಯಲ್ಲ” ಎಂದರು. ಈಗ ಇನ್ನೊಮ್ಮೆ ಕೇಳಿ ನೋಡಿ.

ಮನೆ ಬದಲಾಯಿಸಿದ್ದು ನಿಜ. ಗೋದಾಮಿನ ಮೇಲಿನ ಮನೆ, ಕೆಲಸಕ್ಕೆ ಹತ್ತಿರ.

ಅಣ್ಣನಿಗೆ ನನಗೊಂದೆರಡು ಸಾಲು ಬರೆಯಲು ಹೇಳಿ. ಬೈದೇ ಬರೆಯಲಿ.

ನಿಮ್ಮ ಮೈದುನ

---

ಫೆಬ್ರವರಿ ೨೫

ಮೈದುನನಿಗೆ,

ನಾನು ಕೇಳಿದ್ದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಬರೆದಿದ್ದೀಯ. ‘ನಿರ್ವಹಣೆ’ಯ ಬಗ್ಗೆ ಒಂದಕ್ಷರವಿಲ್ಲ. ಬೇರೆಯವರ ದರವನ್ನೂ ಕೇಳಿಲ್ಲ. ಬದಲಿಗೆ ಹಾಪರ್ ಬಿಚ್ಚಿ ಕಳುಹಿಸಿ, ನಮ್ಮ ಏಜೆಂಟರ ಆಳುಗಳು ಬಿಗಿಯುತ್ತಾರೆ, ಅದಕ್ಕೂ ಅವರಿಗೇ ಕೊಡಿ ಎಂದು ಬರೆದಿದ್ದೀಯ. ಒಂದು ಕೈಯಲ್ಲಿ ಇಳಿಸಿದ ಖರ್ಚನ್ನು ಇನ್ನೊಂದು ಕೈಯಲ್ಲಿ ಅವರ ಜೇಬಿಗೆ ಹಾಕುವ ಉಪಾಯ. ಹಾಪರ್ ಬಿಚ್ಚುವುದು ನಿನ್ನ ಅಣ್ಣನಿಗೆ ಇಷ್ಟವಿಲ್ಲ.

ಇಲ್ಲಿಯೇ ಒಬ್ಬ ಹೊಸ ಏಜೆಂಟರು ಸಿಕ್ಕಿದ್ದಾರೆ. ಅವರ ದರ ನಿಮ್ಮವರ ದರಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಮುಂದಿನ ಕಂಟೇನರನ್ನು ಅವರ ಮೂಲಕವೇ ಕಳುಹಿಸುತ್ತೇನೆ. ಅಲ್ಲಿ ಅವರ ಕಡೆಯವರು ನಿನ್ನನ್ನು ಕಾಣುತ್ತಾರೆ. ಕಾಗದಪತ್ರಕ್ಕೆ ಸಹಿ ಹಾಕಿ ಸರಕು ಬಿಡಿಸಿಕೊಂಡು ಗಿರಾಕಿಗೆ ಮುಟ್ಟಿಸು.

ಗೋದಾಮಿನ ಮೇಲಿನ ಮನೆಗೆ ಬಾಡಿಗೆ ಎಷ್ಟು? ನೀನು ಕಳುಹಿಸುವ ಖರ್ಚಿನ ಪಟ್ಟಿಯಲ್ಲಿ ಮನೆ ಬಾಡಿಗೆಯೇ ಇಲ್ಲ. ಸುಮ್ಮನೆ ಕೇಳಿದೆ.

ಅತ್ತಿಗೆ

---

ಮಾರ್ಚ್ ೨೦

ಅತ್ತಿಗೆಯವರಿಗೆ,

ನೀವು ಸುಮ್ಮನೆ ಕೇಳುವವರಲ್ಲ ಎಂದು ನನಗೆ ಗೊತ್ತು. ಆದ್ದರಿಂದ ನಾನೂ ನೇರವಾಗಿ ಕೇಳುತ್ತೇನೆ.

ನಿಮ್ಮ ಹೊಸ ಏಜೆಂಟರ ಕಡೆಯವನು ಬಂದಿದ್ದ. ಮಾತಿನ ನಡುವೆ, ನಮ್ಮ ಕೆಲಸ ಅವರಿಗೆ ಹೇಗೆ ದಕ್ಕಿತು ಎಂದು ವಿಚಾರಿಸಿದೆ. ನಿಮ್ಮ ತಮ್ಮ ಆ ಆಫೀಸಿನಲ್ಲಿದ್ದಾನಂತೆ. ಅವನೇ ತಂದದ್ದಂತೆ. ಇದನ್ನು ನೀವು ಬರೆಯಲು ಮರೆತಿರೋ, ಬರೆಯುವಂಥದ್ದಲ್ಲ ಅನ್ನಿಸಿತೋ? ನನ್ನ ಲಕೋಟೆಯ ಹಿಂಬದಿಯನ್ನು ಅಷ್ಟು ಸೂಕ್ಷ್ಮವಾಗಿ ನೋಡಿದವರು ನಿಮ್ಮ ತವರಿನ ಕಡೆಯೂ ಒಂದು ಸಲ ಕಣ್ಣು ಹಾಯಿಸಬಹುದಿತ್ತು.

ಹೋದ ಭಾನುವಾರ ಟ್ರಂಕ್ ಕಾಲ್ ಮಾಡಿದ್ದೆ. ಅಣ್ಣನನ್ನು ಕರೆಯಿರಿ ಎಂದರೆ ಫೌಂಡ್ರಿಗೆ ಹೋಗಿದ್ದಾರೆ ಎಂದಿರಿ. ಭಾನುವಾರ ಕುಲುಮೆ ತಣ್ಣಗಿರುತ್ತದೆ, ಅತ್ತಿಗೆ. ಅದಕ್ಕೂ ಹಿಂದೆ ಕರೆದಾಗ ಮಲಗಿದ್ದಾರೆ ಎಂದಿರಿ. ಹಗಲು ಮಲಗುವವರನ್ನು ಕಂಡರೆ ಅಣ್ಣ ಉರಿದುಬೀಳುತ್ತಿದ್ದರು.

ನನ್ನನ್ನು ಇಲ್ಲಿ ಕೂರಿಸಿದವರು ಅಣ್ಣ. ಏಜೆಂಟರನ್ನು ಬದಲಾಯಿಸಲು ಅವರು ಸ್ವತಃ ಬರೆದು ತಿಳಿಸಲಿ. ಅಲ್ಲಿಯವರೆಗೆ ಹೊಸಬರ ಯಾವ ಕಾಗದಕ್ಕೂ ನಾನು ಸಹಿ ಹಾಕುವುದಿಲ್ಲ.

ಮೈದುನ

---

ಏಪ್ರಿಲ್ ೮

ಚಿರಂಜೀವಿ ತಮ್ಮನಿಗೆ ಆಶೀರ್ವಾದಗಳು.

ನಾನು ಕ್ಷೇಮ. ಕೆಲಸದ ಒತ್ತಡದಿಂದ ಬರೆಯಲಾಗಲಿಲ್ಲ. ಹೊಸ ಏಜೆಂಟರ ವಿಷಯದಲ್ಲಿ ನಿನ್ನ ಅತ್ತಿಗೆ ಮಾಡಿದ ತೀರ್ಮಾನಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಕಾಗದಪತ್ರಕ್ಕೆ ಸಹಿ ಹಾಕಿ ಸರಕು ಬಿಡಿಸಿಕೊಳ್ಳುವುದು. ಆರೋಗ್ಯದ ಕಡೆ ಗಮನವಿರಲಿ.

ನಿನ್ನ ಅಣ್ಣ

---

ಏಪ್ರಿಲ್ ೩೦

ಅತ್ತಿಗೆಯವರಿಗೆ,

ಅಣ್ಣನ ಹೆಸರಿನಲ್ಲಿ ನೀವು ಟೈಪು ಮಾಡಿಸಿ ಕಳುಹಿಸಿದ ಕಾಗದ ತಲುಪಿತು.

ಅಣ್ಣ ನನ್ನನ್ನು ಚಿರಂಜೀವಿ ಎಂದು ಕರೆದದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಅವರ ಕಾಗದ ‘ಏನೋ ದಡ್ಡ’ ಎಂದು ಶುರುವಾಗುತ್ತದೆ. ನನ್ನ ಆರೋಗ್ಯವನ್ನು ಅವರು ವಿಚಾರಿಸುವುದಿಲ್ಲ, ‘ತಿಂದು ತೇಗಿಕೊಂಡು ಬಿದ್ದಿರ್ತೀಯ’ ಎಂದು ತೀರ್ಮಾನ ಕೊಡುತ್ತಾರೆ. ಸಹಿಯನ್ನು ಮಾತ್ರ ಚೆನ್ನಾಗಿ ತಿದ್ದಿದ್ದೀರಿ. ಎಷ್ಟು ಸಲ ಅಭ್ಯಾಸ ಮಾಡಿದಿರೋ.

ಈಗ ನನಗೆ ಎಲ್ಲ ಅರ್ಥವಾಗಿದೆ. ಅಕ್ಕ ತಮ್ಮ ಸೇರಿ ಅಣ್ಣನನ್ನು ಮೂಲೆಗೆ ತಳ್ಳಿದ್ದೀರಿ. ಅವರಿಗೆ ನನ್ನ ಕಾಗದ ಮುಟ್ಟುತ್ತಿಲ್ಲ, ನನಗೆ ಅವರ ಧ್ವನಿ ಕೇಳುತ್ತಿಲ್ಲ.

ಕಂಟೇನರ್ ಬಂದು ಯಾರ್ಡಿನಲ್ಲಿ ಬಿದ್ದಿದೆ. ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಬಿಟ್ಟಿಯಾಗಿ ಇಡುವ ಗಡುವು ಮುಗಿದು ಬಂದರಿನವರ ಬಾಡಿಗೆ ಓಡುತ್ತಿದೆ. ಗಿರಾಕಿಯ ಗುಮಾಸ್ತ ದಿನಾ ಗೇಟಿನ ಹತ್ತಿರ ಬಂದು ನಿಂತು ಹೋಗುತ್ತಾನೆ. ಅಣ್ಣನ ಧ್ವನಿ ಕೇಳಿಸಿ, ಮರುಗಳಿಗೆ ಬಿಡಿಸುತ್ತೇನೆ.

---

ಮೇ ೧೬

ಮೈದುನನಿಗೆ,

ಅಣ್ಣನ ಧ್ವನಿ ಕೇಳಿಸಲು ನನ್ನಿಂದಾಗುವುದಿಲ್ಲ. ಅದು ನಿಂತುಹೋಗಿದೆ.

ನವೆಂಬರಿನಲ್ಲಿ ಎರಕ ಹೊಯ್ಯುತ್ತಿದ್ದ ಕಡೆ ನಿಂತು ಯಾರನ್ನೋ ಗದರುತ್ತಿದ್ದರು. ಮಾತು ಅರ್ಧಕ್ಕೆ ನಿಂತಿತು. ಮೇಸ್ತ್ರಿ ತಿರುಗಿ ನೋಡುವಷ್ಟರಲ್ಲಿ ಮರಳಿನ ಮೇಲೆ ಬಿದ್ದಿದ್ದರು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಅರಿವಿದೆ, ಎಲ್ಲವೂ ತಿಳಿಯುತ್ತದೆ. ಎಡಗೈಯಿಂದ ಕುರ್ಚಿಯ ಹಿಡಿಗೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ಯಜಮಾನ ಬಿದ್ದಿದ್ದಾನೆಂದು ತಿಳಿದರೆ ಗಿರಾಕಿ ಮರುದಿನವೇ ಬೇರೆ ಬಾಗಿಲು ತಟ್ಟುತ್ತಿದ್ದ. ವಿಷಯ ಗೊತ್ತಿದ್ದವರಿಗೆಲ್ಲ ಹೇಳಿ ಬಾಯಿ ಮುಚ್ಚಿಸಿದ ಕಾರಣ ಇದು. ಇನ್ನೊಂದನ್ನು ಯಾರಿಗೂ ಹೇಳಿಲ್ಲ. ನಿನಗೆ ತಿಳಿದರೆ ನೀನು ಮೊದಲ ಹಡಗಿಗೇ ಬಂದು ಈ ಕುರ್ಚಿಯಲ್ಲಿ ಕೂರುತ್ತೀಯ, ನನ್ನನ್ನು ಅಡಿಗೆ ಮನೆಗೆ ಕಳುಹಿಸುತ್ತೀಯ ಎಂದು ಹೆದರಿದೆ. ನಿನ್ನ ಏಜೆಂಟರ ವಿಷಯದಲ್ಲಿ ಅನುಮಾನ ಶುರುವಾದ ಮೇಲೆ ಆ ಹೆದರಿಕೆ ಇನ್ನೂ ಬಲಿಯಿತು.

ಆ ಸಹಿ ನನ್ನದೇ. ಅದರಲ್ಲಿ ನನ್ನ ತಮ್ಮನ ಕೈವಾಡವಿಲ್ಲ. ಹಾಪರ್ ಬಿಚ್ಚುವುದು ಅಣ್ಣನಿಗೆ ಇಷ್ಟವಿಲ್ಲ ಎಂದು ಬರೆದಾಗಲೂ ಅವರನ್ನು ಕೇಳಿರಲಿಲ್ಲ.

ನಿನ್ನೆ ಕೇಳಿದೆ. ಮೊದಲು ನಾನೇ ಅರ್ಧ ತುಂಬಿದ ಕಂಟೇನರಿನೊಳಗೆ ಹೋಗಿ ನಿಂತು ನೋಡಿದೆ. ಪೆಟ್ಟಿಗೆಯ ಮೇಲೆ ಕೈ ಚಾಚಿದರೂ ಛಾವಣಿ ಸಿಗಲಿಲ್ಲ. ಆಮೇಲೆ ಅವರ ಗಾಲಿ ಕುರ್ಚಿಯನ್ನು ಅಂಗಳಕ್ಕೆ ತಳ್ಳಿಸಿಕೊಂಡು ಬಂದೆ. ಅವರು ಬಿದ್ದ ಮೇಲೆ ಜನರೆದುರು ಬಂದದ್ದು ಅದೇ ಮೊದಲು. ಮೇಸ್ತ್ರಿ ಒಂದು ಯಂತ್ರದ ಹಾಪರ್ ಬಿಚ್ಚಿ ಕೆಳಗಿಟ್ಟ. ಅವರು ಹಿಡಿಗೆ ಎರಡು ಸಲ ಬಡಿದರು. ಇನ್ನೊಂದು ಬಿಚ್ಚಿದ. ಮತ್ತೆ ಎರಡು. ಮುಖ ಕೆಂಪಾಯಿತು. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿದ.

ನಾನು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದೆ. “ಇಷ್ಟು ವರ್ಷ ಹಿಟ್ಟಿನ ಯಂತ್ರದ ಜೊತೆ ಗಾಳೀನೂ ಕಳಿಸಿದ್ದೀವಿ. ಗಾಳಿಗೆ ಯಾರೂ ದುಡ್ಡು ಕೊಡಲ್ಲ, ನಾವೇ ಕೊಡ್ತಿದ್ದೀವಿ. ಹೀಗೇ ಕಳಿಸಿದ್ರೆ ಎರಡನೇ ಪಾಳಿಯವರಿಗೆ ನೀವೇ ಹೇಳ್ಬೇಕು, ನಾಳೆಯಿಂದ ಬರಬೇಡಿ ಅಂತ. ನನ್ನಿಂದಾಗಲ್ಲ.”

ಎರಡನೇ ಪಾಳಿಯವರು ಆಗ ತಾನೇ ಬರುತ್ತಿದ್ದರು. ಯಜಮಾನರನ್ನು ಕಂಡು ಗೇಟಿನ ಬಳಿಯೇ ನಿಂತುಬಿಟ್ಟಿದ್ದರು. ನಿನ್ನ ಅಣ್ಣ ಆ ಮುಖಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ ಕೈ ಎತ್ತಿ ಒಂದೇ ಸಲ ತಟ್ಟಿದರು.

ಕಂಟೇನರ್ ಬಿಡಿಸು. ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈದು ಬರೆ.

ಅತ್ತಿಗೆ

---

ಜೂನ್ ೭

ಅತ್ತಿಗೆ,

ಕಾಗದ ಓದಿದ ದಿನವೇ ಸಹಿ ಹಾಕಿ ಕಂಟೇನರ್ ಬಿಡಿಸಿದೆ. ಹೊಸ ಏಜೆಂಟರಿಂದ ಉಳಿದದ್ದನ್ನೆಲ್ಲ ಯಾರ್ಡಿನ ಬಾಡಿಗೆ ನುಂಗಿ ಇನ್ನೂ ಬಾಯಿ ತೆರೆದಿತ್ತು. ಅದು ನನ್ನ ಹಠದ ಬೆಲೆ. ಇನ್ನೊಮ್ಮೆ ಹೀಗಾದರೆ ಕಾಯುವುದಿಲ್ಲ ಎಂದು ಗಿರಾಕಿಯ ಗುಮಾಸ್ತ ತಣ್ಣಗೆ ಹೇಳಿ ಹೋದ.

ಬೈದು ಬರೆ ಎಂದಿರಿ. ಮೂರು ಹಾಳೆ ಬರೆದು ಹರಿದು ಹಾಕಿದೆ. ಅಣ್ಣ ಬಿದ್ದಾಗ ನಾನು ಇಲ್ಲಿ ಆರಾಮವಾಗಿ ಅವರು ಕಾಗದ ಬರೆದಿಲ್ಲ ಎಂದು ಮುನಿಸಿಕೊಂಡಿದ್ದೆ. ಅದನ್ನು ಮುಚ್ಚಿಟ್ಟದ್ದಕ್ಕೆ ನಿಮ್ಮನ್ನು ಕ್ಷಮಿಸಲು ಇನ್ನೂ ಆಗಿಲ್ಲ. ಆದರೆ ನನ್ನ ಕಡೆಯದನ್ನು ಹೇಳದೆ ಬೈದರೆ ನ್ಯಾಯವಲ್ಲ.

ನಾನು ಮದುವೆಯಾಗಿದ್ದೇನೆ. ಎರಡು ವರ್ಷವಾಗುತ್ತ ಬಂತು. ಅವಳು ಆ ಏಜೆಂಟರ ತಂಗಿ. ಅವರ ಆಫೀಸಿನಲ್ಲೇ ಬಿಲ್ಲು ಟೈಪು ಮಾಡುತ್ತಿದ್ದಳು. ಅಣ್ಣ ನೋಡಿದ ಹುಡುಗಿಯನ್ನು ಬೇಡವೆಂದು ಜಗಳವಾಡಿ ಬಂದವನು ನಾನು. ಮತ್ತೊಂದು ಜಗಳಕ್ಕೆ ಧೈರ್ಯ ಸಾಲಲಿಲ್ಲ. ನಾಳೆ ಬರೆಯೋಣ ಎನ್ನುತ್ತ ವರ್ಷಗಳು ಕಳೆದವು. ಏಜೆಂಟರನ್ನು ಬಿಡಬಾರದು ಎಂದು ನಾನು ವಾದಿಸಿದ್ದು ಅದಕ್ಕೆ. ದುಡ್ಡಿಗಾಗಿ ಅಲ್ಲ ಎಂದು ಎದೆ ಮುಟ್ಟಿಕೊಂಡು ಬರೆಯುವವನಿದ್ದೆ. ಈಗ ಹಾಗೆ ಬರೆಯಲು ಬರುವುದಿಲ್ಲ.

ಹೊಸ ಏಜೆಂಟರ ಬಿಲ್ಲಿನಲ್ಲಿ ‘ನಿರ್ವಹಣೆ’ ಇರಲಿಲ್ಲ. ಹಾಗಾದರೆ ಅದೇನು ಎಂದು ಮೊದಲ ಬಾರಿಗೆ ಭಾವನನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ನಗುನಗುತ್ತಲೇ ಹೇಳಿದರು.

“ನೀನಿರೋ ಮನೆ ಬಾಡಿಗೆ ಯಾರು ಕೊಡ್ತಿದ್ರು ಅಂದ್ಕೊಂಡಿದ್ದೆ?”

ತಂಗಿಯ ಗಂಡನೆಂದು ಮನೆ ಬಿಟ್ಟುಕೊಟ್ಟಿದ್ದಾರೆ ಎಂದುಕೊಂಡಿದ್ದೆ, ಅತ್ತಿಗೆ. ನಮ್ಮ ಫೌಂಡ್ರಿಯೇ ಅದರ ಬಾಡಿಗೆ ಕಟ್ಟುತ್ತಿತ್ತು. ಮನೆ ಬಾಡಿಗೆಯಷ್ಟೇ ಅಲ್ಲ, ಅದರ ಮೇಲೆ ಅವರ ಲಾಭವೂ ಅದರಲ್ಲೇ ಇತ್ತು. ನೀವು ಅನುಮಾನಪಟ್ಟದ್ದು ಸರಿ. ನಾನು ತಿನ್ನುತ್ತಿದ್ದೆ, ತಿನ್ನುತ್ತಿದ್ದೇನೆಂದು ತಿಳಿಯದೆ ತಿನ್ನುತ್ತಿದ್ದೆ.

ಮೇಲೆ ಬಂದು ಅವಳನ್ನು ಕೇಳಿದೆ, ನಿನಗೆ ಗೊತ್ತಿತ್ತೇ ಎಂದು. ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಬಿಲ್ಲು ಟೈಪ್ ಮಾಡೋಳು ನಾನೇ ಅಲ್ವಾ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಹೇಳಿದ್ರೆ ಅಣ್ಣನ್ನ ಕಳ್ಕೋತಿದ್ದೆ, ಹೇಳದೇ ಇದ್ದಿದ್ದಕ್ಕೆ ಈಗ ನಿಮ್ಮನ್ನ.”

ಕಳೆದುಕೊಂಡಿಲ್ಲ ಎಂದೆ. ಆದರೆ ಅವತ್ತಿನಿಂದ ಅವಳು ಏನು ಹೇಳಿದರೂ ಅದರ ಹಿಂದೆ ಇನ್ನೇನಿದೆ ಎಂದು ಹುಡುಕುತ್ತೇನೆ. ಅವಳಿಗೂ ಅದು ಗೊತ್ತಾಗುತ್ತದೆ. ಆ ಮನೆ ಬಿಟ್ಟಿದ್ದೇವೆ. ಒಂದೇ ಕೋಣೆ, ಮೀನಿನ ಮಾರುಕಟ್ಟೆಯ ಹಿಂದೆ. ಭಾವ ಮಾತು ಬಿಟ್ಟಿದ್ದಾರೆ, ಅವಳು ಅವರ ಆಫೀಸು ಬಿಟ್ಟಿದ್ದಾಳೆ.

ಬರುವ ತಿಂಗಳು ಬಂದು ಅಣ್ಣನನ್ನು ನೋಡಲೇ? ಕುರ್ಚಿಗಾಗಿ ಅಲ್ಲ. ಬೇಡವೆಂದರೆ ಬರುವುದಿಲ್ಲ.

ಮೈದುನ

---

ಜುಲೈ ೨೧

ಅತ್ತಿಗೆ,

ಹಾಪರ್ ಬಿಚ್ಚಿದ ಮೊದಲ ಕಂಟೇನರ್ ಬಂದು ಇಳಿಯಿತು, ನಿಮ್ಮ ಕಾಗದ ಬರಲಿಲ್ಲ. ಪೆಟ್ಟಿಗೆಗಳು ಎರಡು ಸಾಲು ಒತ್ತಾಗಿ ಕೂತಿದ್ದವು, ಒಂದೂ ಒಡೆದಿಲ್ಲ. ಬೋಲ್ಟು ಬಿಗಿಯುವುದನ್ನು ಗಿರಾಕಿಯ ಆಳುಗಳಿಗೇ ಕಲಿಸಿದೆ, ಯಾರಿಗೂ ಏನೂ ಕೊಡಬೇಕಿಲ್ಲ.

ಮದುವೆಯ ವಿಷಯಕ್ಕೆ ನೀವು ಮೌನವಾಗಿದ್ದರೆ ಅರ್ಥವಾಗುತ್ತದೆ. ಅಣ್ಣನಿಗೆ ಏನಾದರೂ ಆಗಿದ್ದರೆ ಮಾತ್ರ ಈ ಸಲ ಮುಚ್ಚಿಡಬೇಡಿ. ಪೋಸ್ಟಿನವನು ನಮ್ಮ ಬೀದಿ ಬಿಟ್ಟು ಮುಂದೆ ಹೋದಾಗಲೆಲ್ಲ ಬೇಡದ್ದೆಲ್ಲ ತಲೆಗೆ ಬರುತ್ತದೆ.

ಮೈದುನ

---

ಆಗಸ್ಟ್ ೨೩

ಮೈದುನನಿಗೆ ಆಶೀರ್ವಾದ.

ಅಣ್ಣ ಚೆನ್ನಾಗಿದ್ದಾರೆ. ನಿಜವಾಗಿಯೂ ಚೆನ್ನಾಗಿದ್ದಾರೆ. ನನ್ನ ಮಾತನ್ನು ನಂಬಲು ನಿನಗೆ ಕಷ್ಟವೆಂದು ಗೊತ್ತು, ಮುಂದಿನ ತಿಂಗಳು ಬಂದು ಕಣ್ಣಾರೆ ನೋಡು.

ಬರೆಯಲು ತಡವಾದದ್ದು ಕೋಪದಿಂದಲ್ಲ. ನಿನ್ನ ಕಾಗದ ಓದಿದ ಮೇಲೆ ನಾನೂ ನನ್ನ ತಮ್ಮನನ್ನು ಎದುರು ಕೂರಿಸಿಕೊಂಡು ಕೇಳಿದೆ. ಕಮಿಷನ್ ಮುಟ್ಟಿಲ್ಲ ಎಂದ. ನಂಬಿದೆ. ನಮ್ಮ ಕೆಲಸ ತಂದದ್ದಕ್ಕೆ ಬಡ್ತಿ ಸಿಕ್ಕಿದೆ ಎಂಬುದನ್ನು ಮಾತ್ರ ನಾನು ನಾಲ್ಕನೇ ಸಲ ಕೇಳಿದಾಗ ಹೇಳಿದ. ಮುಂದಿನ ವರ್ಷ ದರವನ್ನು ಮೆಲ್ಲಗೆ ಏರಿಸುವ ಲೆಕ್ಕಾಚಾರ ಅವರ ಆಫೀಸಿನಲ್ಲಿ ಆಗಲೇ ನಡೆದಿತ್ತಂತೆ. ಅವನಿಗೆ ಗೊತ್ತಿತ್ತು. “ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ” ಎಂದ. ನಿನ್ನ ಹೆಂಡತಿ ಹೇಳಿದ ಮಾತನ್ನೇ ಅವನ ಬಾಯಲ್ಲೂ ಕೇಳಿ ನನಗೆ ನಗು ಬಂತು. ಅವನು ಊಟ ಮಾಡದೆ ಎದ್ದು ಹೋದ. ತವರಿನಿಂದ ಈಗ ನನಗೂ ಕಾಗದವಿಲ್ಲ.

ಆಮೇಲೆ ಇಬ್ಬರ ನೆಂಟರನ್ನೂ ಬದಿಗಿಟ್ಟು ಹಡಗಿನ ಕಂಪನಿಯ ಆಫೀಸಿಗೆ ನಾನೇ ಹೋದೆ. ವರ್ಷವಿಡೀ ಇಷ್ಟು ಕಂಟೇನರ್ ಖಚಿತವಾಗಿ ಕೊಡುತ್ತೇವೆ, ಪ್ರತಿಯೊಂದೂ ಛಾವಣಿಯವರೆಗೆ ತುಂಬಿರುತ್ತದೆ, ನೇರ ದರ ಹೇಳಿ ಎಂದೆ. ಮೊದಲ ದಿನ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಮೂರನೇ ಸಲ ಹೋದಾಗ ಒಳಗೆ ಕರೆದರು. ದರ ಸಿಕ್ಕಿತು, ವರ್ಷದ ಮಧ್ಯೆ ಏರಿಸುವಂತಿಲ್ಲ ಎಂದು ಬರೆಸಿಕೊಂಡೆ. ಈಗ ಒಂದು ಯಂತ್ರ ನಿಮ್ಮ ಕಡೆ ತಲುಪುವ ಖರ್ಚು ಹಿಂದಿನದರ ಅರ್ಧಕ್ಕೆ ಹತ್ತಿರ. ನಿನ್ನ ಗಿರಾಕಿ ಮೊನ್ನೆ ಸಹಿ ಹಾಕಿ ಕಳುಹಿಸಿದ. ಒಂದೇ ವರ್ಷಕ್ಕೆ. ಅವನಿಗೂ ನಮ್ಮ ಮೇಲೆ ಪೂರ್ತಿ ನಂಬಿಕೆಯಿಲ್ಲ, ಆ ಕಂಟೇನರ್ ಯಾರ್ಡಿನಲ್ಲಿ ಬಿದ್ದದ್ದನ್ನು ಅವನು ಮರೆತಿಲ್ಲ. ಇರಲಿ, ಎರಡನೇ ಪಾಳಿ ನಡೆಯುತ್ತಿದೆ.

ನಿನ್ನ ಮದುವೆಯ ವಿಷಯ ಅಣ್ಣನಿಗೆ ಹೇಳಿದೆ. ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದರು, ನನ್ನ ಕೈಯಿಂದ ಊಟ ಮಾಡಲಿಲ್ಲ. ನಂತರ ಅವರಾಗಿಯೇ ಎಡಗೈಯನ್ನು ಗಾಳಿಯಲ್ಲಿ ಎತ್ತಿ ಮೇಲೆ ಕೆಳಗೆ ಆಡಿಸತೊಡಗಿದರು. ಹೊಸ ಪೆಟ್ಟಿಗೆಯ ಎತ್ತರ ಕೇಳುತ್ತಿದ್ದಾರೆ ಎಂದುಕೊಂಡು ಅದನ್ನು ಹೇಳಿದೆ. ಹಿಡಿಗೆ ಎರಡು ಏಟು. ಹಾಪರಿನ ಅಳತೆ ಹೇಳಿದೆ. ಮತ್ತೆರಡು ಏಟು, ಈ ಸಲ ಜೋರಾಗಿ. ಕೊನೆಗೆ ಅಲ್ಲೇ ನಿಂತಿದ್ದ ಮೇಸ್ತ್ರಿಯೇ ಮೆಲ್ಲಗೆ, “ಅಮ್ಮಾ, ಹುಡುಗಿ ಎಷ್ಟು ಎತ್ತರ ಇದ್ದಾಳೆ ಅಂತ ಕೇಳ್ತಿದ್ದಾರೇನೋ” ಅಂದ. ಒಂದು ಏಟು ಬಿತ್ತು. ಅವರು ಬಿದ್ದ ಮೇಲೆ ನಾನು ಮೊದಲ ಸಲ ಅತ್ತದ್ದು ಆವತ್ತು.

ಇನ್ನು ಮುಂದಿನದು ನಿನ್ನ ಹೆಂಡತಿಗೆ. ಅವಳ ಕೈಗೇ ಕೊಡು, ಒಂದು ಸಾಲನ್ನೂ ಮುಚ್ಚಿಡಬೇಡ.

ತಂಗಿ, ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ. ಈ ಮನೆಯಲ್ಲಿ ಈಗ ಯಾರಿಗೂ ಯಾರ ಮೇಲೂ ಇಲ್ಲ, ಅದರಲ್ಲಿ ನೀನೊಬ್ಬಳೇ ಅಲ್ಲ. ಆದರೆ ಬಿಲ್ಲಿನ ಯಾವ ಪದದ ಹಿಂದೆ ಏನು ಅಡಗಿರುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ನಿನಗೆ ಗೊತ್ತು. ಅಲ್ಲಿಯ ಬಂದರಿನಲ್ಲಿ ನಮ್ಮ ಹೆಸರಿಗೆ ಬರುವ ಪ್ರತಿಯೊಂದು ಬಿಲ್ಲನ್ನೂ ಇನ್ನು ನೀನು ನೋಡಬೇಕು. ಸಂಬಳ ಕೊಡುತ್ತೇನೆ, ನಿನ್ನ ಹೆಸರಿಗೇ ಕಳುಹಿಸುತ್ತೇನೆ. ನಿನ್ನ ಗಂಡ ಹಾಕುವ ಖರ್ಚನ್ನೂ ನೋಡು. ತಪ್ಪು ಕಂಡರೆ ನಾನು ಕೇಳುವವರೆಗೆ ಕಾಯಬೇಡ. ನಾನು ಕಳುಹಿಸುವ ಲೆಕ್ಕದಲ್ಲಿ ತಪ್ಪು ಕಂಡರೂ ಅಷ್ಟೇ.

ಒಪ್ಪಿಗೆಯಿದ್ದರೆ ಉತ್ತರವನ್ನು ನೀನೇ ಬರೆ. ಅವನು ತಿದ್ದಿ ಕೊಡುತ್ತೇನೆ ಎಂದರೆ ಕೊಡಬೇಡ.

ನಿನ್ನ ಅಕ್ಕ